ಬೆದರುಬೊಂಬೆಗೆ ಅಂಜದ ಗಿಣಿ ಕೈಗೇಕೆ ಅಂಜುತ್ತದೆ?

ಸಿರವಾರದಿಂದ ಮಾನ್ವಿ ಕಡೆಗೋ ದೇವದುರ್ಗದ ಕಡೆಗೋ ಹೊರಟವರಿಗೆ ಸೂರ್ಯಕಾಂತಿ ಕಾಳುಗಟ್ಟುವ ಹೊತ್ತಿನಲ್ಲಿ ಹೊಲಗಳಿಂದ ಎರಡು ಸದ್ದು ಕೇಳಿಸುತ್ತವೆ. ಒಂದು ಗಿಣಿ ಹಿಂಡಿನ ಕಿರುಚಾಟ, ಇನ್ನೊಂದು ಅದನ್ನು ಓಡಿಸಲು ಬಡಿಯುವ ಡಬ್ಬಿಯದು. ಡಬ್ಬಿ ಬಡಿದು ಸಾಕಾದವರು ಹಳೆ ಅಂಗಿ ತೊಡಿಸಿ ಒಂದು ಬೆದರುಬೊಂಬೆ ನಿಲ್ಲಿಸುತ್ತಾರೆ. ಗಿಣಿಗಳು ಮೊದಮೊದಲು ದೂರದ ಬೇವಿನ ಮರದಲ್ಲಿ ಕೂತು ನೋಡುತ್ತವೆ. ಬೊಂಬೆ ಬೆನ್ನಟ್ಟುವುದಿಲ್ಲ, ಕವಣೆ ಬೀಸುವುದಿಲ್ಲ ಎಂಬುದು ಖಾತ್ರಿಯಾದ ಮೇಲೆ ಒಂದೊಂದಾಗಿ ಹೊಲಕ್ಕೆ ಇಳಿಯುತ್ತವೆ. ಕೆಲವೇ ದಿನಗಳಲ್ಲಿ ಬೊಂಬೆಯ ತೋಳಿನ ಮೇಲೇ ಕೂತು ಕಾಳು ಬಿಡಿಸುವಷ್ಟು ಸಲುಗೆ ಬೆಳೆದಿರುತ್ತದೆ. ರೈತರಿಗೆ ಇದು ಹೊಸ ಸುದ್ದಿಯಲ್ಲ. ಬೊಂಬೆಯ ಜಾಗ, ಅಂಗಿ ಆಗಾಗ ಬದಲಿಸಬೇಕು ಎಂದು ಅವರು ಹೇಳುವುದು ಇದೇ ಕಾರಣಕ್ಕೆ.

ಊರೊಳಗಿನ ಮನೆಗಳಲ್ಲಿ ಕಥೆ ತಿರುವುಮುರುವು. ಪಡಸಾಲೆಯಲ್ಲಿ ತೂಗುಹಾಕಿದ ಪಂಜರದ ಹಕ್ಕಿ, ತಂದು ತಿಂಗಳುಗಳಾದರೂ ಮನುಷ್ಯರ ಕೈ ಕಂಡರೆ ಸರಳಿಗೆ ಬಡಿದುಕೊಳ್ಳುತ್ತದೆ. ‘ಎಷ್ಟ್ ದಿನ ಆದ್ರೂ ಕೈಗೆ ಬರವಲ್ದು, ಹತ್ರ ಹೋದ್ರ ಕಡೀತೈತಿ’ ಎಂಬುದು ಸಾಕಿದವರ ದೂರು. ಅದಕ್ಕೆ ಅಕ್ಕಪಕ್ಕದವರಿಂದ ಬರುವ ಸಲಹೆಗಳೂ ಸಾಮಾನ್ಯವಾಗಿ ಮೂರೇ. ಒಂದು ದಿನ ಕಾಳು ಹಾಕಬೇಡ, ಹಸಿವಾದರೆ ತಾನೇ ಬರುತ್ತದೆ. ಟವೆಲ್‌ನಲ್ಲಿ ಸುತ್ತಿ ಹಿಡಿದುಕೋ, ರೂಢಿಯಾಗುತ್ತದೆ. ರೆಕ್ಕೆ ಕತ್ತರಿಸು, ಆಮೇಲೆ ಎಲ್ಲಿಗೆ ಹೋಗುತ್ತದೆ?

ಮೂರೂ ಹಕ್ಕಿಯನ್ನು ಕೆಡಿಸುವ ಸಲಹೆಗಳು.

ಹೊಲದ ಗಿಣಿ ಬೊಂಬೆಗೆ ಹೊಂದಿಕೊಂಡದ್ದು ಅದಕ್ಕೊಂದು ಬೇವಿನ ಮರ ಇದ್ದುದರಿಂದ. ಹೆದರಿಕೆಯಾದಾಗ ಹಾರಿಹೋಗಿ ಕೂತು, ದೂರದಿಂದ ನೋಡಿ, ಮನಸ್ಸಾದಾಗ ವಾಪಸ್ ಬರುವ ದಾರಿ ಅದಕ್ಕಿತ್ತು. ಪಂಜರದ ಹಕ್ಕಿಗೆ ಆ ಮರವಿಲ್ಲ. ಕೈ ಒಳಗೆ ಬಂದರೆ ಹಿಂದೆ ಸರಿಯಲು ಇರುವ ಜಾಗ ಗೇಣುದ್ದ. ಅದೂ ಮುಗಿದಾಗ ಉಳಿಯುವುದು ಕೊಕ್ಕು. ಹೆದರಿದ ಗಿಣಿಯನ್ನು ಪಳಗಿಸುವ ವಿದ್ಯೆಯೆಂದರೆ, ಆ ಹಕ್ಕಿಗೆ ‘ಒಲ್ಲೆ’ ಎನ್ನುವ ದಾರಿಯನ್ನು ವಾಪಸ್ ಕೊಡುವುದು. ಇದು ಮೆತ್ತನೆಯ ಮಾತಿನಂತೆ ಕಂಡರೂ ಕೆಲಸಕ್ಕೆ ಬರುವ ದಾರಿ ಇದೊಂದೇ.

ಗಿಣಿಯ ಹೆದರಿಕೆಗೆ ದೇಹದಲ್ಲೇ ಕಾರಣವಿದೆ. ಅದು ಬೇಟೆಯಾಡುವ ಹಕ್ಕಿಯಲ್ಲ, ಬೇಟೆಗೆ ಸಿಗುವ ಹಕ್ಕಿ. ತಲೆಯ ಎರಡು ಪಕ್ಕಕ್ಕೆ ಕಣ್ಣುಗಳಿರುವುದರಿಂದ ಬೆನ್ನ ಹಿಂದಿನದೂ ಬಹುಪಾಲು ಕಾಣುತ್ತದೆ. ಗಿಡುಗ ಎರಗುವುದು ಮೇಲಿನಿಂದ. ಹಾಗಾಗಿ ಮೇಲಿನಿಂದ ಇಳಿಯುವ ಯಾವುದೇ ನೆರಳು ಗಿಣಿಗೆ ಸಾವಿನ ಸೂಚನೆ, ಅದು ಪ್ರೀತಿಯಿಂದ ತಲೆ ಸವರಲು ಬಂದ ಕೈಯಾದರೂ ಸರಿ. ಜೊತೆಗೆ ಇದು ಹಿಂಡಿನ ಜೀವಿ. ಹತ್ತಾರು ಜೋಡಿ ಕಣ್ಣು ಕಾವಲಿದ್ದಾಗ ಮಾತ್ರ ನೆಮ್ಮದಿಯಾಗಿ ತಿನ್ನುವ ಹಕ್ಕಿಯನ್ನು ಒಂಟಿಯಾಗಿ ಕೂರಿಸಿದರೆ ಇಡೀ ಕಾವಲು ಅದೊಂದರ ಮೇಲೇ ಬೀಳುತ್ತದೆ. ಹೊಸ ವಸ್ತು ಕಂಡರೆ ಗಿಣಿಗಳು ಹೇಗೆ ವರ್ತಿಸುತ್ತವೆ ಎಂದು 61 ಜಾತಿಗಳ ಮೇಲೆ ನಡೆದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಹೊಸದಕ್ಕೆ ಹತ್ತಿರ ಹೋಗುವ ಧೈರ್ಯ ಜಾತಿಯಿಂದ ಜಾತಿಗೆ ಬೇರೆ, ಆ ಜಾತಿ ಎಂಥ ಜಾಗದಲ್ಲಿ ಬದುಕಿ ಏನು ತಿಂದು ಬೆಳೆದಿದೆ ಎಂಬುದಕ್ಕೂ ಅದಕ್ಕೂ ನಂಟಿದೆ ಎಂದು ಅದು ತೋರಿಸಿತು. ‘ಪಕ್ಕದ ಮನೆಯ ಗಿಣಿ ವಾರಕ್ಕೇ ಹೆಗಲೇರಿತು, ನಮ್ಮದೇಕೆ ಹೀಗೆ?’ ಎಂದು ಕೇಳುವವರು ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬಹುದು.

ಗಿಣಿಯ ಭಯವನ್ನು ಗಿಣಿಯ ಬಾಯಿಂದಲೇ ಹೇಳಿಸಿದ ಕಥೆ ಕನ್ನಡಕ್ಕೆ ಸಾವಿರ ವರ್ಷ ಹಳೆಯದು. ಬಾಣಭಟ್ಟನ ಸಂಸ್ಕೃತ ಕಾದಂಬರಿಯನ್ನು ಹತ್ತನೇ ಶತಮಾನದ ಕೊನೆಗೆ ಒಂದನೇ ನಾಗವರ್ಮ ‘ಕರ್ಣಾಟಕ ಕಾದಂಬರಿ’ಯಾಗಿ ಕನ್ನಡಕ್ಕೆ ತಂದ. ಪಂಪಾ ಸರೋವರದ ದಡದ ದೊಡ್ಡ ಬೂರುಗದ ಮರ, ಅದರ ಪೊಟರೆಗಳಲ್ಲಿ ಗಿಣಿಗಳ ಸಂಸಾರ, ಬೇಟೆಗೆ ಬಂದ ಶಬರರ ಗುಂಪು. ಹಿಂದುಳಿದ ಮುದಿ ಬೇಡನೊಬ್ಬ ಮರ ಹತ್ತಿ ಮರಿಗಳನ್ನು ಹಿಸುಕಿ ಕೆಳಗೆ ಎಸೆಯುತ್ತಾನೆ. ರೆಕ್ಕೆಯಡಿ ಮರಿಯನ್ನು ಅಡಗಿಸಿಕೊಂಡ ತಂದೆ ಗಿಣಿಯೂ ಸಾಯುತ್ತದೆ. ಉಳಿದ ಮರಿ ತರಗೆಲೆಯ ರಾಶಿಯಲ್ಲಿ ಬಿದ್ದು, ತೆವಳಿ, ಬಾಯಾರಿ ಕಂಗೆಟ್ಟಿರುತ್ತದೆ. ಅಲ್ಲಿಗೆ ಬಂದ ಜಾಬಾಲಿ ಮುನಿಯ ಮಗ ಹಾರೀತ ಮೊದಲು ಮಾಡುವ ಕೆಲಸ ಅದಕ್ಕೆ ನೀರು ಕುಡಿಸಿ ನೆರಳಿಗೆ ಒಯ್ಯುವುದು. ಮಾತು, ಪಾಠ, ಅರಮನೆ, ಚಿನ್ನದ ಪಂಜರ ಎಲ್ಲ ಆಮೇಲಿನದು. ಪಕ್ಷಿ ವೈದ್ಯರನ್ನು ಕೇಳಿದರೂ ಇದೇ ಸರದಿಯನ್ನು ಹೇಳಿಯಾರು. ಗೂಡಿನಿಂದ ಮರಿ ಕದಿಯುವ ಆ ಬೇಡನ ಕೆಲಸ ಮಾತ್ರ ಕಾವ್ಯಕ್ಕೇ ಮುಗಿದಿಲ್ಲ ಎಂಬುದು ಬೇಸರದ ಸಂಗತಿ.

ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ನಮ್ಮ ಹಸಿರು ಗಿಣಿ ಮರದ ಪೊಟರೆಯಲ್ಲೋ ಹಳೆ ಕೋಟೆಯ ಸಂದಿಯಲ್ಲೋ ಮೊಟ್ಟೆಯಿಟ್ಟು ಮರಿ ಮಾಡುತ್ತದೆ. ಮಾರಾಟಕ್ಕೆ ಬರುವ ಮರಿಗಳು ಈ ಗೂಡುಗಳಿಂದ ಕದ್ದವು. ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ದೇಶೀ ಗಿಣಿಗಳನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಮನೆಯಲ್ಲಿಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಭಾರತದ ಹಕ್ಕಿಗಳ ವ್ಯಾಪಾರಕ್ಕೆ 1990–91ರಲ್ಲೇ ನಿಷೇಧ ಬಿತ್ತು. 2022ರ ತಿದ್ದುಪಡಿ ಬಂದ ಮೇಲೆ ಕೊರಳಲ್ಲಿ ಗುಲಾಬಿ ಪಟ್ಟಿಯಿರುವ ಸಾಮಾನ್ಯ ಗಿಣಿ ಎರಡನೇ ಅನುಸೂಚಿಗೆ ಸೇರಿದೆ. ತಪ್ಪು ಸಾಬೀತಾದರೆ 3 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜಾತ್ರೆಯಲ್ಲಿ ಕಾರ್ಡು ಎತ್ತಿ ಭವಿಷ್ಯ ಹೇಳುವ ಶಾಸ್ತ್ರದ ಗಿಣಿಗೂ ಇದೇ ಕಾನೂನು. ಭವಿಷ್ಯ ಹೇಳಿಸಿಕೊಳ್ಳಲು ಕೂತವರಿಗೆ ಎದುರಿಗಿರುವ ಹಕ್ಕಿಯ ಕತ್ತರಿಸಿದ ರೆಕ್ಕೆ ಕಾಣುವುದೇ ಇಲ್ಲ.

ಆದ್ದರಿಂದ ‘ಹಸಿರು ಗಿಣಿಯನ್ನು ಪಳಗಿಸುವುದು ಹೇಗೆ?’ ಎಂಬ ಪ್ರಶ್ನೆಗೆ ಉತ್ತರ ಒಂದೇ: ಪಳಗಿಸಬೇಡಿ. ಅದರ ಅಂಜಿಕೆ ಅದಕ್ಕೆ ಬೇಕಾದ ಗುಣ. ಮನುಷ್ಯರನ್ನು ನಂಬಲು ಕಲಿತ ಗಿಣಿಗೆ ಮತ್ತೆ ಹೊಲದಲ್ಲಿ ಬದುಕುವುದು ಕಷ್ಟ. ಹಾಗೆಂದು ಕಾನೂನು ಓದಿ ಗಾಬರಿಯಾಗಿ ರಾತ್ರೋರಾತ್ರಿ ಪಂಜರದ ಬಾಗಿಲು ತೆಗೆದುಬಿಡುವುದೂ ಸರಿಯಲ್ಲ. ವರ್ಷಗಟ್ಟಲೆ ತಟ್ಟೆಯಲ್ಲಿ ತಿಂದ ಹಕ್ಕಿಗೆ ತಿನಿಸು ಹುಡುಕುವುದೂ ಗೊತ್ತಿಲ್ಲ, ಗಿಡುಗನಿಂದ ತಪ್ಪಿಸಿಕೊಳ್ಳುವುದೂ ಗೊತ್ತಿಲ್ಲ. ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಅಲ್ಲಿಂದ ಅದು ಪುನರ್ವಸತಿ ಕೇಂದ್ರ ಸೇರಿ, ರೆಕ್ಕೆಯ ಗರಿ ಮತ್ತೆ ಬೆಳೆದು, ಹಾರಾಟ ರೂಢಿಯಾಗಿ, ತನ್ನ ಜಾತಿಯ ಹಿಂಡಿನೊಂದಿಗೆ ಹೊರಬೀಳಬೇಕು. ಬೆಂಗಳೂರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆ, ಹಕ್ಕಿ ಮತ್ತು ಸರೀಸೃಪಗಳಿಗೆಂದೇ ಇರುವ ಎಆರ್‌ಆರ್‌ಸಿ ಇಂಥ ಕೆಲಸ ಮಾಡುತ್ತಿವೆ. ಸಿರವಾರದವರಿಗೆ ಬೆಂಗಳೂರು ಒಂದು ರಾತ್ರಿಯ ಪ್ರಯಾಣ. ತೊಂದರೆ ಇರುವುದು ಅಲ್ಲಿ, ಅದನ್ನು ಮುಂದೆ ನೋಡೋಣ.

ಸಾಕಲು ಅಡ್ಡಿಯಿಲ್ಲದ ಗಿಣಿಗಳೂ ಇವೆ. ರಾಯಚೂರಿನ ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಹಳದಿ, ನೀಲಿ, ಹಸಿರಿನ ಪುಟ್ಟ ಹಕ್ಕಿಗಳು ಬಹುತೇಕ ಬಜರಿಗರ್‌ಗಳು. ಇವುಗಳ ಮೂಲ ಆಸ್ಟ್ರೇಲಿಯಾ. ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞ 1840ರಲ್ಲಿ ಇವನ್ನು ಜೀವಂತವಾಗಿ ಇಂಗ್ಲೆಂಡಿಗೆ ಒಯ್ದ ಮೇಲೆ ಲೋಕವೆಲ್ಲ ಹಬ್ಬಿದವು. ತಲೆಯ ಮೇಲೆ ಜುಟ್ಟಿರುವ ಕಾಕಟೀಲ್‌ ಕೂಡ ಅಲ್ಲಿಯದೇ. ಆಸ್ಟ್ರೇಲಿಯಾ ತನ್ನ ಹಕ್ಕಿಗಳ ರಫ್ತನ್ನು 1960ರಲ್ಲೇ ನಿಲ್ಲಿಸಿದೆ. ಇಲ್ಲಿ ಸಿಗುವವು ಪಂಜರದಲ್ಲೇ ತಲೆಮಾರುಗಟ್ಟಲೆ ಹುಟ್ಟಿ ಬೆಳೆದವು. ಬೂದು ಬಣ್ಣದ ಆಫ್ರಿಕನ್ ಗ್ರೇ ಗಿಣಿಯ ಲೆಕ್ಕ ಬೇರೆ. 2016ರಲ್ಲಿ ವನ್ಯಜೀವಿ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅದು ಅತ್ಯುನ್ನತ ರಕ್ಷಣೆಯ ಪಟ್ಟಿಗೆ ಸೇರಿತು. ಭಾರತದಲ್ಲಿ ಅಂಥ ಪಟ್ಟಿಯ ಜೀವಿಗಳನ್ನು ಸಾಕುವವರು 2024ರ ನಿಯಮಗಳ ಪ್ರಕಾರ ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು.

ಅಂಗಡಿಯ ಆ ಪುಟ್ಟ ಹಕ್ಕಿಗಳು ಪಂಜರದಲ್ಲಿ ಹುಟ್ಟಿದ್ದರೂ ಮನುಷ್ಯರ ಕೈಯನ್ನು ಬಲ್ಲವಲ್ಲ. ನೂರು ಹಕ್ಕಿ ತುಂಬಿದ ಪಂಜರದಲ್ಲಿ ಬಲೆ ಹಾಕಿ ಹಿಡಿದು, ರಟ್ಟಿನ ಡಬ್ಬಿಯಲ್ಲಿ ತುಂಬಿ, ಬಸ್ಸಿನಲ್ಲಿ ಕುಲುಕಿಸುತ್ತ ತಂದ ಜೀವಕ್ಕೆ ಕೈಯೆಂದರೆ ಆ ಬಲೆಯೇ. ಅದರ ತೂಕವಾದರೂ ಎಷ್ಟು? ಬಜರಿಗರ್‌ 30–40 ಗ್ರಾಂ, ಕಾಕಟೀಲ್‌ ನೂರು ಗ್ರಾಂ ಆಸುಪಾಸು. ಇಷ್ಟು ಸಣ್ಣ ದೇಹದಲ್ಲಿ ಶಕ್ತಿ ಬಲುಬೇಗ ಖರ್ಚಾಗುತ್ತದೆ. ಉಪವಾಸ ಕೆಡವಿದರೆ ಹಕ್ಕಿ ಪಳಗುವ ಮುಂಚೆ ಪ್ರಾಣ ಹೋದೀತು. ಟವೆಲ್‌ನಲ್ಲಿ ಸುತ್ತಿದಾಗ ಅದು ಸುಮ್ಮನಾಗುವುದು ರೂಢಿಯಾಗಿ ಅಲ್ಲ, ಇನ್ನು ಮಾಡುವುದೇನೂ ಉಳಿದಿಲ್ಲ ಎಂದು ಕೈಚೆಲ್ಲಿ. ಟವೆಲ್ ವೈದ್ಯರ ಮೇಜಿಗೆ ಸರಿ, ದಿನದ ಪಾಠಕ್ಕಲ್ಲ. ರೆಕ್ಕೆ ಕತ್ತರಿಸಿದ ಹಕ್ಕಿಯಂತೂ ಹಾರಿ ತಪ್ಪಿಸಿಕೊಳ್ಳುವ ಭರವಸೆಯನ್ನೇ ಕಳೆದುಕೊಳ್ಳುವುದರಿಂದ ಇನ್ನಷ್ಟು ಬೇಗ ಕಚ್ಚುತ್ತದೆ. ಹಾರಲು ಹೋಗಿ ನೆಲಕ್ಕೆ ಬಿದ್ದು ಎದೆಮೂಳೆ ಒಡೆದುಕೊಳ್ಳುವುದೂ ಉಂಟು.

ಹಾಗಾದರೆ ಮಾಡಬೇಕಾದ್ದೇನು? ಮೊದಲು ಪಂಜರದ ಜಾಗ ಬದಲಿಸಬೇಕು. ಮನೆಯ ನಟ್ಟನಡುವೆ ತೂಗುಹಾಕಿದ ಪಂಜರಕ್ಕೆ ನಾಲ್ಕೂ ಕಡೆಯಿಂದ ಜನ ಬರುತ್ತಾರೆ. ಹಕ್ಕಿ ಯಾವ ಕಡೆಗೆ ಬೆನ್ನು ಕೊಡಬೇಕು? ಒಂದು ಪಕ್ಕ ಗೋಡೆಗೆ ತಾಗಿರಲಿ, ಹಿಂದಿನ ಮೂಲೆಗೆ ಬಟ್ಟೆ ಹೊದಿಸಿರಲಿ, ಎತ್ತರ ನಿಂತ ಮನುಷ್ಯರ ಎದೆಮಟ್ಟಕ್ಕೋ ಕಣ್ಣಿನ ಮಟ್ಟಕ್ಕೋ ಇರಲಿ. ಗುಂಡನೆಯ ಪಂಜರ ನೋಡಲು ಚಂದ, ಆದರೆ ಅದರಲ್ಲಿ ಅವಿತುಕೊಳ್ಳಲು ಮೂಲೆಯೇ ಇಲ್ಲ. ಚೌಕದ್ದೇ ಒಳ್ಳೆಯದು, ಎರಡೂ ರೆಕ್ಕೆ ಬಿಚ್ಚಿದರೆ ಸರಳಿಗೆ ತಾಗದಷ್ಟು ಅಗಲವಾದದ್ದು. ಅಡುಗೆಮನೆ ಬೇಡ. ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾದಾಗ ಏಳುವ ಹೊಗೆಗೆ ಗಿಣಿಗಳು ನಿಮಿಷಗಳಲ್ಲಿ ಸಾಯುತ್ತವೆ. ಸಂಜೆ ಟಿ.ವಿ. ಧಾರಾವಾಹಿ ಮುಗಿಯುವ ತನಕ ದೀಪ ಉರಿಯುವ ಪಡಸಾಲೆಯೂ ಒಳ್ಳೆಯದಲ್ಲ. ಈ ಹಕ್ಕಿಗಳಿಗೆ ಹತ್ತು ಹನ್ನೆರಡು ತಾಸಿನ ಕತ್ತಲೆ, ನಿಶ್ಶಬ್ದ ಬೇಕು. ನಿದ್ದೆಗೆಟ್ಟ ಗಿಣಿಗೆ ಎಲ್ಲದಕ್ಕೂ ಸಿಡುಕು.

ಆಮೇಲಿನದು ದೂರದ ಲೆಕ್ಕ. ಪಂಜರದತ್ತ ನಿಧಾನವಾಗಿ ನಡೆದರೆ ಒಂದು ಜಾಗದಲ್ಲಿ ಹಕ್ಕಿಯ ಮೈ ಬದಲಾಗುತ್ತದೆ. ಗರಿಗಳು ಮೈಗಂಟಿ ದೇಹ ಸಪೂರವಾಗುತ್ತದೆ, ಕತ್ತು ಉದ್ದವಾಗುತ್ತದೆ, ತಿನ್ನುತ್ತಿದ್ದದ್ದು ನಿಲ್ಲುತ್ತದೆ, ಕಣ್ಣು ರೆಪ್ಪೆ ಮಿಟುಕಿಸದೆ ನೆಟ್ಟಿರುತ್ತದೆ. ಕಾಕಟೀಲ್‌ ಆದರೆ ಜುಟ್ಟು ನೆಟ್ಟಗಾಗಿ ಹಾವಿನಂತೆ ಬುಸುಗುಡುತ್ತದೆ. ಪಾಠ ಶುರುವಾಗಬೇಕಾದ್ದು ಆ ಜಾಗದಿಂದ ಒಂದು ಹೆಜ್ಜೆ ಹಿಂದೆ. ಅಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತ ಕೂರುವುದು, ಮೆಲ್ಲಗೆ ಮಾತಾಡುವುದು, ದಿಟ್ಟಿಸಿ ನೋಡದಿರುವುದು. ಹಕ್ಕಿ ಮೈ ಸಡಿಲ ಬಿಟ್ಟು ಗರಿ ತೀಡಿಕೊಂಡರೆ, ಒಂದು ಕಾಳು ತಿಂದರೆ, ಎದ್ದು ದೂರ ಹೋಗಬೇಕು. ಹೊಸಬರು ತಪ್ಪುವುದು ಇಲ್ಲೇ. ಹಕ್ಕಿ ಶಾಂತವಾದ ಕೂಡಲೇ ‘ಪಳಗಿತು’ ಎಂದು ಕೈ ಚಾಚುತ್ತಾರೆ. ಹೆದರಿದ ಜೀವಕ್ಕೆ ಆ ಹೊತ್ತಿನಲ್ಲಿ ಕೊಡಬಹುದಾದ ದೊಡ್ಡ ಬಹುಮಾನವೆಂದರೆ ಮನುಷ್ಯರು ದೂರ ಸರಿಯುವುದೇ. ತಾನು ಕಿರುಚದಿದ್ದರೂ, ಕಚ್ಚದಿದ್ದರೂ ಇವರು ಹೋಗುತ್ತಾರೆ ಎಂದು ಅದಕ್ಕೆ ಗೊತ್ತಾಗಬೇಕು. ಹೀಗೆ ದಿನಕ್ಕೆ ಎರಡು ಮೂರು ಸಲ, ಸಲಕ್ಕೆ ಐದು ನಿಮಿಷ. ಅದಕ್ಕಿಂತ ಹೆಚ್ಚು ಕೂತರೆ ಪಾಠ ಕಾಟವಾಗುತ್ತದೆ.

ತಿನಿಸಿನ ವಿಷಯದಲ್ಲಿ ಸಿರವಾರದವರು ಅದೃಷ್ಟವಂತರು. ನಗರದ ಪೆಟ್ ಶಾಪ್‌ಗಳು ಪ್ಲಾಸ್ಟಿಕ್ ಪೊಟ್ಟಣದಲ್ಲಿ ತುಂಬಿ ದುಬಾರಿ ಬೆಲೆಗೆ ಮಾರುವ ‘ಮಿಲೆಟ್ ಸ್ಪ್ರೇ’ ಬೇರೇನಲ್ಲ, ನಮ್ಮ ಎರೆಹೊಲಗಳ ನವಣೆ ತೆನೆ. ಲೋಕದ ಯಾವ ಮೂಲೆಯಲ್ಲಾದರೂ ಬಜರಿಗರ್‌ ಸಾಕುವವರು ಮೊದಲ ಲಂಚವಾಗಿ ಕೊಡುವುದು ಇದನ್ನೇ. ತೆನೆ ಉದ್ದವಿರುವುದೇ ಇದರ ಅನುಕೂಲ. ಮೊದಲ ದಿನ ಒಂದು ತುದಿ ಹಿಡಿದು ಇನ್ನೊಂದು ತುದಿಯನ್ನು ಸರಳಿನ ಸಂದಿಯಿಂದ ಚಾಚಿದರೆ ಹಕ್ಕಿಗೂ ಕೈಗೂ ನಡುವೆ ಗೇಣು ದೂರ ಉಳಿಯುತ್ತದೆ. ದಿನ ಕಳೆದಂತೆ ಹಿಡಿಯುವ ಜಾಗ ಮುಂದೆ ಸರಿಯುತ್ತದೆ, ಕೊನೆಗೆ ತೆನೆಯ ತುಂಡು ಅಂಗೈಯಲ್ಲೇ ಇರುತ್ತದೆ. ಈ ತೆನೆ ದಿನದ ಬಟ್ಟಲಲ್ಲಿ ಬೀಳಕೂಡದು, ಕೈಯಿಂದ ಮಾತ್ರ ಸಿಗಬೇಕು. ಹೊಟ್ಟೆ ತುಂಬಿಸುವ ಊಟ ಬೇರೆ, ಆಸೆ ಹುಟ್ಟಿಸುವ ತಿನಿಸು ಬೇರೆ. ಉಪವಾಸದ ಸಲಹೆ ಕೊಡುವವರಿಗೆ ಈ ಎರಡರ ವ್ಯತ್ಯಾಸವೇ ಗೊತ್ತಿಲ್ಲ.

ಕೈಯಿಂದ ತಿನ್ನಲು ಕಲಿತ ಮೇಲೆ ಒಂದು ಕಡ್ಡಿ ಸಾಕು. ಐಸ್‌ಕ್ರೀಮ್ ಕಡ್ಡಿಯನ್ನೋ ಬೇವಿನ ಸಣ್ಣ ಕಡ್ಡಿಯನ್ನೋ ಪಂಜರದ ಹೊರಗೆ ಹಿಡಿದರೆ ಕುತೂಹಲಕ್ಕೆ ಹಕ್ಕಿ ಕೊಕ್ಕು ತಾಗಿಸುತ್ತದೆ. ತಾಗಿಸಿದ ಕ್ಷಣಕ್ಕೆ ನಾಲಿಗೆಯಿಂದ ಒಂದು ‘ಟಕ್’ ಸದ್ದು, ಹಿಂದೆಯೇ ಒಂದು ಕಾಳು. ಹತ್ತಾರು ಸಲ ಹೀಗಾದ ಮೇಲೆ ಕಡ್ಡಿ ಹೋದಲ್ಲಿಗೆ ಹಕ್ಕಿಯೂ ನಡೆಯುತ್ತದೆ. ಒಂದು ಕೋಲಿನಿಂದ ಇನ್ನೊಂದಕ್ಕೆ, ಅಲ್ಲಿಂದ ಬಾಗಿಲಿಗೆ, ಬಾಗಿಲಿನಿಂದ ಅಡ್ಡ ಹಿಡಿದ ಬೆರಳಿಗೆ. ಬೆರಳು ಯಾವಾಗಲೂ ಕೆಳಗಿನಿಂದ, ಎದೆಯ ಮಟ್ಟಕ್ಕೆ ಬರಬೇಕು. ಕಾಲು ಮುಂದಿಡುವುದು ಹಕ್ಕಿಯ ಕೆಲಸ, ಬೆರಳಿನಿಂದ ಹೊಟ್ಟೆಗೆ ಒತ್ತಿ ಹತ್ತಿಸಿಕೊಳ್ಳುವುದಲ್ಲ. ಇದು ಹೊಸ ಶೋಧವೇನಲ್ಲ. ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಅವರ ಶಿಷ್ಯರಾದ ಕೆಲ್ಲರ್ ಮತ್ತು ಮೇರಿಯನ್ ಬ್ರೆಲೆಂಡ್ ದಂಪತಿ 1940ರ ದಶಕದಿಂದಲೇ ಸದ್ದು ಮತ್ತು ತಿನಿಸನ್ನು ಜೋಡಿಸಿ ಪ್ರಾಣಿಗಳಿಗೆ ಕಲಿಸುತ್ತಿದ್ದರು. 1955ರಲ್ಲಿ ಅಮೆರಿಕದ ಅರ್ಕನ್ಸಾದಲ್ಲಿ ಅವರು ತೆರೆದ ‘ಐಕ್ಯೂ ಝೂ’ದಲ್ಲಿ ಕೋಳಿಗಳೂ ಪಾಠ ಒಪ್ಪಿಸುತ್ತಿದ್ದವು. ಕೋಳಿ ಕಲಿತದ್ದನ್ನು ಗಿಣಿ ಕಲಿಯಲಾರದೇ?

ಇನ್ನೊಂದು ಉಪಾಯ ಮನೆಯಲ್ಲಿ ಇಬ್ಬರಿದ್ದರೆ ಸಾಧ್ಯ. ಐರೀನ್ ಪೆಪ್ಪರ್‌ಬರ್ಗ್ ಎಂಬ ವಿಜ್ಞಾನಿ 1977ರಲ್ಲಿ ಷಿಕಾಗೊದ ಅಂಗಡಿಯೊಂದರಲ್ಲಿ ಅಲೆಕ್ಸ್ ಎಂಬ ಆಫ್ರಿಕನ್ ಗ್ರೇ ಗಿಣಿಯನ್ನು ಕೊಂಡರು. 2007ರಲ್ಲಿ ಅದು ಸಾಯುವ ಹೊತ್ತಿಗೆ ನೂರಕ್ಕೂ ಹೆಚ್ಚು ಪದಗಳನ್ನು ಅರಿತು ಬಳಸುತ್ತಿತ್ತು, ಬಣ್ಣ, ಆಕಾರ, ಎಣಿಕೆ ಹೇಳುತ್ತಿತ್ತು. ಅದಕ್ಕೆ ಕಲಿಸಿದ ಬಗೆ ನಮ್ಮ ‘ರಾಮ ಅನ್ನು, ರಾಮ ಅನ್ನು’ ಎಂಬ ಗಿಳಿಪಾಠವಲ್ಲ. ಅಲೆಕ್ಸ್ ಎದುರಿಗೆ ಇಬ್ಬರು ಮನುಷ್ಯರು ಕೂತು ಒಬ್ಬರನ್ನೊಬ್ಬರು ಪ್ರಶ್ನೆ ಕೇಳುತ್ತಿದ್ದರು. ಸರಿಯುತ್ತರ ಹೇಳಿದವರಿಗೆ ವಸ್ತು ಸಿಗುತ್ತಿತ್ತು. ಗಿಣಿಗೆ ತಾನೂ ಆಟಕ್ಕೆ ಸೇರುವ ಆಸೆಯಾಗುತ್ತಿತ್ತು. ಹೆದರಿದ ಹಕ್ಕಿಯ ಎದುರಿಗೂ ಇದನ್ನು ಮಾಡಿ ನೋಡಬಹುದು. ಒಬ್ಬರು ನವಣೆ ತೆನೆ ಚಾಚುವುದು, ಇನ್ನೊಬ್ಬರು ಸಾವಕಾಶವಾಗಿ ತೆಗೆದುಕೊಂಡು ಖುಷಿಪಡುವುದು. ಹೊರಗಿನಿಂದ ನೋಡಿದವರಿಗೆ ನಗು ಬಂದೀತು. ಹಿಂಡಿನ ಹಕ್ಕಿಗೆ ಹಿಂಡಿನವರನ್ನು ನೋಡಿಯೇ ಧೈರ್ಯ ಬರುವುದು.

ಇಷ್ಟಾಗಿಯೂ ಒಂದು ದಿನ ಕಚ್ಚುತ್ತದೆ. ಕಚ್ಚುವುದು ಗಿಣಿಯ ಮೊದಲ ಮಾತಲ್ಲ, ಕೊನೆಯ ಮಾತು. ಅದಕ್ಕೂ ಮುಂಚೆ ಅದು ಸರಿದಿರುತ್ತದೆ, ಕತ್ತು ಚಾಚಿರುತ್ತದೆ, ಬಾಯಿ ತೆರೆದು ಎಚ್ಚರಿಸಿರುತ್ತದೆ. ಅವನ್ನೆಲ್ಲ ಕಡೆಗಣಿಸಿ ಕಚ್ಚಿದಾಗ ಮಾತ್ರ ಕೈ ಹಿಂದೆಗೆದುಕೊಂಡರೆ ಹಕ್ಕಿ ಕಲಿಯುವ ಪಾಠ ಸರಳ: ಇವರಿಗೆ ಕಚ್ಚಿದರೆ ಮಾತ್ರ ತಿಳಿಯುತ್ತದೆ. ನಾಳೆಯಿಂದ ಅದು ಪೀಠಿಕೆ ಬಿಟ್ಟು ನೇರ ಕಚ್ಚುತ್ತದೆ. ಬೈದರೆ, ಪಂಜರ ಬಡಿದರೆ, ಮೂಗಿಗೆ ಹೊಡೆದರೆ ಪ್ರಯೋಜನವಿಲ್ಲ, ಹಳೆಯ ನಂಬಿಕೆಯೂ ಹೋಗುತ್ತದೆ. ಸದ್ದಿಲ್ಲದೆ ಹಿಂದೆ ಸರಿದು, ಮರುದಿನ ಎರಡು ಹೆಜ್ಜೆ ಹಿಂದಿನಿಂದ ಶುರುಮಾಡುವುದೇ ದಾರಿ. ಮನೆಯಲ್ಲಿ ಮಕ್ಕಳಿದ್ದರೆ ಈ ನಿಯಮ ಹಕ್ಕಿಗಿಂತ ಮೊದಲು ಅವರಿಗೆ ತಿಳಿಯಬೇಕು. ಬೆರಳು ತೂರಿಸಿ ಚುಚ್ಚುವುದು ಮಕ್ಕಳಿಗೆ ಆಟ, ಹಕ್ಕಿಗಲ್ಲ.

ನಮ್ಮ ಕಡೆಯ ಸದ್ದುಗಳನ್ನೂ ಮರೆಯುವಂತಿಲ್ಲ. ಮೊಹರಂನ ಹಲಗೆ, ಮದುವೆ ಮೆರವಣಿಗೆಯ ಡಿಜೆ, ದೀಪಾವಳಿಯ ಪಟಾಕಿ. ಕಾಕಟೀಲ್‌ಗಳು ಕತ್ತಲಲ್ಲಿ ಬೆಚ್ಚಿಬಿದ್ದು ಪಂಜರದ ತುಂಬ ಬಡಿದಾಡಿ ರಕ್ತ ತುಂಬಿದ ಎಳೆಗರಿ ಮುರಿದುಕೊಳ್ಳುವುದಕ್ಕೆ ಹೆಸರುವಾಸಿ. ಅಂಥ ರಾತ್ರಿ ಪಂಜರವನ್ನು ಒಳಕೋಣೆಗೆ ಒಯ್ದು ಸಣ್ಣ ದೀಪ ಹಚ್ಚಿಡಬೇಕು. ಬೇಸಿಗೆಯಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿದಾಗ ಹಕ್ಕಿ ಬಾಯಿ ತೆರೆದು ರೆಕ್ಕೆ ಮೈಯಿಂದ ದೂರ ಹಿಡಿದರೆ ಅದು ಕೋಪವಲ್ಲ, ಸೆಕೆ. ಆಗ ಪಾಠ ಬೇಡ, ಸ್ನಾನಕ್ಕೆ ಅಗಲ ಬಟ್ಟಲಿನಲ್ಲಿ ನೀರು ಬೇಕು. ಪಂಜರದಿಂದ ಹೊರಗೆ ಬಿಡುವ ಮುನ್ನ ಸೀಲಿಂಗ್ ಫ್ಯಾನ್ ನಿಲ್ಲಿಸಿ, ಕಿಟಕಿ, ಬಾಗಿಲು ಮುಚ್ಚಿರಬೇಕು ಎಂಬುದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

2022ರ ಜುಲೈನಲ್ಲಿ ತುಮಕೂರಿನಲ್ಲಿ ನಡೆದದ್ದು ಅನೇಕರಿಗೆ ನೆನಪಿರಬಹುದು. ‘ರುಸ್ತುಮಾ’ ಎಂಬ ಆಫ್ರಿಕನ್ ಗ್ರೇ ಗಿಣಿ ಮನೆಯಿಂದ ಹಾರಿಹೋಯಿತು. ಮನೆಯವರು ಊರೆಲ್ಲ ಪೋಸ್ಟರ್ ಅಂಟಿಸಿ 50,000 ರೂಪಾಯಿ ಬಹುಮಾನ ಸಾರಿದರು. ಗಿಣಿ ಸಿಕ್ಕಿದ್ದು ಕೆಲವೇ ಕಿಲೋಮೀಟರ್ ದೂರದಲ್ಲಿ. ಕಂಡವರೊಬ್ಬರು ಹಿಡಿದು ತಿನಿಸು ಕೊಟ್ಟು ಇಟ್ಟುಕೊಂಡಿದ್ದರು. ಸಂತೋಷಕ್ಕೆ ಮನೆಯವರು ಕೊಟ್ಟದ್ದು 85,000 ರೂಪಾಯಿ. ಸುದ್ದಿ ದೇಶವೆಲ್ಲ ಸುತ್ತಿತು, ಮೊತ್ತದ ಚರ್ಚೆಯೇ ನಡೆಯಿತು. ಗಮನಿಸಬೇಕಾದ್ದು ಬೇರೆ. ಮನೆಯಲ್ಲಿ ಎಷ್ಟೇ ಸಲುಗೆಯ ಗಿಣಿಯಾದರೂ ಬಯಲಿನಲ್ಲಿ ದಾರಿ ಗೊತ್ತಿಲ್ಲದ ಕೂಸು. ಕರೆದರೆ ಬರುವುದನ್ನು ಮುಚ್ಚಿದ ಕೋಣೆಯೊಳಗೆ ಮೊದಲೇ ಕಲಿಸಿರದಿದ್ದರೆ, ಮರದ ತುದಿಯಿಂದ ಇಳಿದು ಬರುವ ಬಗೆ ಅದಕ್ಕೆ ತಿಳಿಯದು.

ಊಟದ ಬಗ್ಗೆ ಒಂದೆರಡು ಮಾತು ಸಾಕು. ಗಿಣಿಗೆ ಹಸಿಮೆಣಸಿನಕಾಯಿ ಕೊಟ್ಟರೆ ಬೇಗ ಮಾತು ಬರುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಮೆಣಸಿನ ಖಾರ ಹಕ್ಕಿಗಳಿಗೆ ತಾಗುವುದೇ ಇಲ್ಲ, ಆ ಖಾರಕ್ಕೆ ಅವುಗಳ ನರಗಳು ಸ್ಪಂದಿಸುವುದಿಲ್ಲ. ಮೆಣಸಿನಕಾಯಿ ತಿಂದರೆ ಕೆಡುಕಿಲ್ಲ, ಒಳ್ಳೆಯದೇ. ಬರೀ ಸೂರ್ಯಕಾಂತಿ ಬೀಜವನ್ನೇ ದಿನವೂ ತಿನ್ನಿಸಿದರೆ ಕೊಬ್ಬು ಬೆಳೆದು, ಎ ಜೀವಸತ್ವ ಕಡಿಮೆಯಾಗಿ ಹಕ್ಕಿ ಸೊರಗುತ್ತದೆ. ಸೊಪ್ಪು, ಗಜ್ಜರಿ, ಮೊಳಕೆ ಕಾಳು ಬೇಕು. ಚಾಕೊಲೇಟ್, ಕಾಫಿ, ಬೆಣ್ಣೆಹಣ್ಣು ವಿಷ.

ಸಾಕಿದವರು ಮೋಸಹೋಗುವ ಸಂಗತಿ ಇನ್ನೊಂದಿದೆ. ನಿನ್ನೆವರೆಗೆ ಕೈ ಕಂಡರೆ ಹಾರಾಡುತ್ತಿದ್ದ ಹಕ್ಕಿ ಇವತ್ತು ಗರಿ ಉಬ್ಬಿಸಿಕೊಂಡು, ಅರೆಗಣ್ಣು ಮುಚ್ಚಿ, ಮುಟ್ಟಿದರೂ ಕದಲದೆ ಕೂತಿದ್ದರೆ ಮನೆಮಂದಿ ಹಿಗ್ಗುತ್ತಾರೆ. ಅದು ಪಳಗಿಲ್ಲ, ಕಾಯಿಲೆ ಬಿದ್ದಿದೆ. ಕಾಯಿಲೆಯನ್ನು ಕೊನೆಯ ಗಳಿಗೆವರೆಗೆ ಮುಚ್ಚಿಡುವುದು ಬೇಟೆಗೆ ಸಿಗುವ ಜೀವಿಗಳ ಗುಣ. ಹೊರಗೆ ಕಂಡಾಗಲೇ ತಡವಾಗಿರುತ್ತದೆ. ಗಿಣಿಗಳಿಂದ ಮನುಷ್ಯರಿಗೆ ಹರಡುವ ಸಿಟಕೋಸಿಸ್ ಎಂಬ ಶ್ವಾಸಕೋಶದ ರೋಗವೂ ಇದೆ. ಒಣಗಿದ ಹಿಕ್ಕೆಯ ದೂಳು ಅದರ ವಾಹಕ. ಪಂಜರ ಗುಡಿಸುವ ಮುಂಚೆ ನೀರು ಚಿಮುಕಿಸುವುದು, ಆಮೇಲೆ ಕೈ ತೊಳೆಯುವುದು ಅದಕ್ಕೇ.

ಕಾಯಿಲೆ ಬಿದ್ದ ಗಿಣಿಯನ್ನು ಎಲ್ಲಿಗೆ ಒಯ್ಯಬೇಕು? ತಾಲ್ಲೂಕಿನ ಪಶು ಆಸ್ಪತ್ರೆಗಳು ಕಟ್ಟಿಕೊಂಡಿರುವುದು ಎತ್ತು, ಎಮ್ಮೆ, ಕುರಿ, ಮೇಕೆಗಳ ಲೆಕ್ಕದಲ್ಲಿ. 30 ಗ್ರಾಂ ಹಕ್ಕಿಗೆ ಔಷಧದ ಅಳತೆ ಹಾಕುವುದು ಬೇರೆಯದೇ ಪರಿಣತಿ. ಕಲ್ಯಾಣ ಕರ್ನಾಟಕದಲ್ಲೇ, ಬೀದರಿನಲ್ಲಿ, ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ರಾಯಚೂರು ಜಿಲ್ಲೆಯ ಪಶುವೈದ್ಯರಿಗೆ ಪಂಜರದ ಹಕ್ಕಿಗಳ ಬಗ್ಗೆ ಅದು ಕೆಲವು ದಿನಗಳ ತರಬೇತಿ ಏರ್ಪಡಿಸಿದರೆ ದೊಡ್ಡ ಖರ್ಚಿನ ಮಾತೇನಲ್ಲ. ಹಕ್ಕಿ ನೋಡಿಕೊಳ್ಳುವ ವ್ಯವಸ್ಥೆ ರಾಜ್ಯಕ್ಕೆ ಅಪರಿಚಿತವೂ ಅಲ್ಲ. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಶುಕವನ ಒಂದೇ ಪಕ್ಷಿಧಾಮದಲ್ಲಿ 468 ಜಾತಿಯ ಹಕ್ಕಿಗಳನ್ನಿಟ್ಟು 2017ರಲ್ಲಿ ಗಿನ್ನೆಸ್ ದಾಖಲೆ ಸೇರಿತು. ಅಲ್ಲಿ ಹಕ್ಕಿಗಳ ಆಸ್ಪತ್ರೆಯೂ ಇದೆ. ಆದರೆ ಸಿರವಾರದಿಂದ ಮೈಸೂರು ಬೆಂಗಳೂರಿಗಿಂತ ದೂರ.

ಅರಣ್ಯ ಇಲಾಖೆಯ ಪಾಲೂ ಇದರಲ್ಲಿ ಇದೆ. 2023ರ ಕೊನೆಯಲ್ಲಿ ಹುಲಿ ಉಗುರಿನ ಪ್ರಕರಣಗಳು ಗದ್ದಲವೆಬ್ಬಿಸಿದ ಮೇಲೆ, ಮನೆಗಳಲ್ಲಿರುವ ವನ್ಯಜೀವಿ ವಸ್ತುಗಳನ್ನು ವಾಪಸ್ ಒಪ್ಪಿಸಲು ರಾಜ್ಯ ಸರ್ಕಾರ 2024ರ ಆರಂಭದಲ್ಲಿ ಮೂರು ತಿಂಗಳ ಅವಕಾಶ ಸಾರಿತ್ತು. ಸತ್ತ ಹುಲಿಯ ಉಗುರಿಗೆ ತೋರಿದ ಈ ಉದಾರತೆಯನ್ನು ಬದುಕಿರುವ ಗಿಣಿಗೆ ತೋರಲು ಅಡ್ಡಿಯೇನು? ಹಸಿರು ಗಿಣಿ ಸಾಕಿರುವ ಬಹುಪಾಲು ಜನ ಕಳ್ಳಸಾಗಣೆದಾರರಲ್ಲ. ತಾತನ ಕಾಲದಿಂದ ಪಡಸಾಲೆಯಲ್ಲಿ ಪಂಜರ ತೂಗಿದ್ದನ್ನು ಕಂಡು ಬೆಳೆದವರು. ಕೇಸು ಬೀಳುತ್ತದೆಂಬ ಭಯಕ್ಕೆ ಅವರು ಹಕ್ಕಿಯನ್ನು ಒಳಕೋಣೆಯ ಕತ್ತಲಿಗೆ ಸರಿಸುತ್ತಾರೆಯೇ ಹೊರತು ಕಚೇರಿಗೆ ತರುವುದಿಲ್ಲ. ಮೊಟ್ಟೆ, ಮರಿಯ ಕಾಲ ಶುರುವಾಗುವ ಮುಂಚೆ ಪ್ರತಿ ವರ್ಷ ಒಂದು ತಿಂಗಳು, ಕೇಸಿಲ್ಲದೆ, ಹೆಸರು ಕೇಳದೆ, ತಾಲ್ಲೂಕು ಮಟ್ಟದಲ್ಲೇ ಗಿಣಿಗಳನ್ನು ಒಪ್ಪಿಸಿಕೊಳ್ಳುವ ವ್ಯವಸ್ಥೆ ಬೇಕು. ಹಾಗೆ ಬಂದ ಹಕ್ಕಿಗಳಿಗೆ ರಾಯಚೂರಿನಲ್ಲೋ, ಹಂಪಿ ಬಳಿಯ ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಮೃಗಾಲಯದಲ್ಲೋ ಹಾರಾಟ ಕಲಿಸುವ ದೊಡ್ಡ ಜಾಲರಿ ಮನೆಯೊಂದು ಬೇಕು. ಮರಿ ಮಾರುವವರಿಗೆ ಮಾತ್ರ ಯಾವ ರಿಯಾಯಿತಿಯೂ ಬೇಡ.

ಅಂಗಡಿಯಿಂದ ಬಜರಿಗರ್‌ ಜೋಡಿಯನ್ನು ಈಗಾಗಲೇ ತಂದಾಗಿರುವವರು ಇವತ್ತು ಸಂಜೆ ಮಾಡಬಹುದಾದ ಕೆಲಸ ಒಂದಿದೆ. ಪಂಜರವನ್ನು ಗೋಡೆಗೆ ಸರಿಸಿ, ಹಕ್ಕಿ ಬೆಚ್ಚದಷ್ಟು ದೂರಕ್ಕೆ ಕುರ್ಚಿ ಹಾಕಿಕೊಂಡು ಐದು ನಿಮಿಷ ಕೂತು, ಎದ್ದು ಹೋಗಿ. ನವಣೆ ತೆನೆ ಸಂತೆಯಲ್ಲಿ ಸಿಗುತ್ತದೆ.